ಇಲ್ಲದ ಫೋಲ್ಡರಿಗೆ 312 ಫೈಲು ಕಳಿಸಿ ಕೂತಿದ್ದೇನೆ. ಇನ್ನು ನನಗೆ ಮೌಸೇ ಸಾಕು

ತುಂಗೆತಡಿ (ಭಾನುವಾರ ರಾತ್ರಿ 9:40)

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ಮನೆ. ಒಂದಿಷ್ಟು ಅಡಿಕೆ ತೋಟ, ಬಿಡುವಿದ್ದಾಗ ಅಕ್ಕಪಕ್ಕದ ನಾಲ್ಕು ಜನರ ಲೆಕ್ಕ ಬರೆದುಕೊಡುತ್ತೇನೆ. ಹಳೇ ಡೆಸ್ಕ್‌ಟಾಪ್ ಒಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, 11 ಹಾಕಲು ಈ ಮೆಷಿನ್ ಆಗುವುದಿಲ್ಲ ಅಂತ ಅದೇ ಹೇಳಿತು. ಸರಿ ಅಂತ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಅದರ ಮೇಲೆ ನನಗೇನೂ ತಕರಾರಿಲ್ಲ.

ತಕರಾರು ಇರುವುದು ಸಹಾಯ ಮಾಡುವವರ ಮೇಲೆ. ಏನು ಕೇಳಿದರೂ ಒಂದೇ ಉತ್ತರ, ಟರ್ಮಿನಲ್ ತೆಗಿ, ಇದನ್ನ ಪೇಸ್ಟ್ ಮಾಡು. ಪ್ರಿಂಟರ್ ಕೆಲಸ ಮಾಡ್ತಿಲ್ಲ ಅಂದರೂ ಅದೇ. ಗಡಿಯಾರ ಹಿಂದಿದೆ ಅಂದರೂ ಅದೇ. ಸೆಟ್ಟಿಂಗ್ಸ್‌ನಲ್ಲಿ ಎರಡು ಕ್ಲಿಕ್ಕಿಗೆ ಮುಗಿಯುವ ಕೆಲಸಕ್ಕೂ ಕಮ್ಯಾಂಡ್ ಕುಟ್ಟುವ ಆ ಕಪ್ಪು ಕಿಟಕಿ.

ಶುಕ್ರವಾರ ಆಗಿದ್ದು ಕೇಳಿ. ಅಜ್ಜ ಬರೆದಿಟ್ಟ ಅಡಿಕೆ ಲೆಕ್ಕದ ಪುಸ್ತಕಗಳಿವೆ. ಯಾವ ವರ್ಷ ಎಷ್ಟು ರಾಶಿ, ಎಷ್ಟು ಬೆಟ್ಟೆ (ಎರಡೂ ಅಡಿಕೆಯ ಬಗೆಗಳು), ಮಂಡಿಯಲ್ಲಿ ಏನು ಧಾರಣೆ ಸಿಕ್ಕಿತು, ಕೊನೆ (ಅಡಿಕೆ ಗೊಂಚಲು) ತೆಗೆದವರಿಗೆ ಎಷ್ಟು ಕೊಟ್ಟಿದ್ದು, ಮಧ್ಯೆ ಮಧ್ಯೆ ಯಾರದೋ ಮದುವೆಯ ಮುಯ್ಯಿ. ಗೆದ್ದಲು ಹಿಡಿಯಲು ಶುರುವಾಗಿತ್ತು, ಹಾಗಾಗಿ ಮಳೆ ಹಿಡಿಯುವುದರೊಳಗೆ ಸ್ಕ್ಯಾನ್ ಮಾಡಿದೆ. ಹದಿನೈದು ದಿನ ಕೂತು 312 ಪುಟ. ಪ್ರತಿಯೊಂದಕ್ಕೂ ಕನ್ನಡದಲ್ಲೇ ಹೆಸರು, "ಅಡಿಕೆ ಲೆಕ್ಕ 1964 ಪುಟ 12" ಅಂತ. ಅವೆಲ್ಲ ಒಂದಿಷ್ಟು ಪಿಡಿಎಫ್‌ಗಳ ಜೊತೆ ಒಂದೇ ಕಡೆ ಬಿದ್ದಿದ್ದವು. "ಸ್ಕ್ಯಾನ್‌ಗಳು" ಅಂತ ಫೋಲ್ಡರ್ ಮಾಡಿ ಚಿತ್ರಗಳನ್ನು ಮಾತ್ರ ಅದರೊಳಗೆ ಹಾಕಬೇಕಿತ್ತು, ಅಷ್ಟೇ.

ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಫೋನ್ ಬಂತು. "ಮುನ್ನೂರು ಫೈಲನ್ನ ಮೌಸಲ್ಲಿ ಎಳೀತಾ ಕೂರ್ತೀಯಾ ಮಾರಾಯ?" ಅಂತ ನಕ್ಕು ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿದ. ಪೇಸ್ಟ್ ಮಾಡಿ ಎಂಟರ್ ಒತ್ತಿದೆ. ಒಂದು ಸೆಕೆಂಡು ಕೂಡ ಆಗಲಿಲ್ಲ. ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ, ಮತ್ತೆ ಮಿಣುಕುವ ಗೆರೆ. ಫೋಲ್ಡರ್ ತೆಗೆದು ನೋಡಿದರೆ ಖಾಲಿ. ಹೊರಗೆ ಸ್ಕ್ಯಾನ್‌ಗಳು ಅನ್ನುವ ಹೆಸರಿನದೇ ಇನ್ನೊಂದು ಫೈಲು ಇದೆ, ಅದರಲ್ಲಿ ಕಟ್ಟಕಡೆಯ ಒಂದು ಪುಟ. ಉಳಿದ 311 ಇಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ. ಟೈಮ್‌ಶಿಫ್ಟ್ ಅನ್ನುವ ಬ್ಯಾಕಪ್ ತಂತ್ರಾಂಶ ಹಾಕಿಟ್ಟಿದ್ದೆ, ಆದರೆ ಅದು ಸಿಸ್ಟಮ್ ಫೈಲುಗಳನ್ನು ಕಾಯುತ್ತದೆಯೇ ಹೊರತು ನಮ್ಮ ಹೋಮ್ ಫೋಲ್ಡರನ್ನು ತಾನಾಗಿ ಮುಟ್ಟುವುದಿಲ್ಲ ಅಂತ ಆವತ್ತೇ ಗೊತ್ತಾಗಿದ್ದು. ಪುಸ್ತಕಗಳು ಕೊಪ್ಪದಲ್ಲಿರುವ ದೊಡ್ಡಪ್ಪನ ಮನೆಗೆ ವಾಪಸ್ ಹೋಗಿಯಾಗಿದೆ.

ಎಂತ ಆಯ್ತು ಅಂತ ಅವನಿಗೂ ಗೊತ್ತಿಲ್ಲ. "ನೀನು ಏನೋ ತಪ್ಪು ಮಾಡಿದ್ದೀಯ" ಅನ್ನುತ್ತಾನೆ. ನಾನು ಮಾಡಿದ್ದು ಪೇಸ್ಟು.

ನನ್ನ ವಾದ ಇಷ್ಟೇ. ಮೌಸ್ ಹಿಡಿದಾಗ ಕಣ್ಣೆದುರು ಇರುವುದನ್ನು ನಾನು ತೋರಿಸುತ್ತೇನೆ. ಈ ಫೈಲು, ಆ ಫೋಲ್ಡರು. ಕಮ್ಯಾಂಡ್ ಬರೆಯುವಾಗ ತೋರಿಸಲು ಆಗುವುದಿಲ್ಲ, ಹೆಸರು ಹೇಳಬೇಕು. ಹೆಸರು ಹೇಳುವಾಗ ಇಲ್ಲದ್ದರ ಹೆಸರನ್ನೂ ಹೇಳಬಹುದಲ್ಲ? ಮಂಡಿಯಲ್ಲಿ ಮೂಟೆಗೆ ಕೈ ಹಾಕಿ ಅಡಿಕೆ ನೋಡಿಯೇ ಧಾರಣೆ ಕಟ್ಟುತ್ತಾರೆ. ಫೋನಿನಲ್ಲಿ "ರಾಶಿ ಇದೆ" ಅಂದರೆ ಯಾರಾದರೂ ದುಡ್ಡು ಕೊಡುತ್ತಾರಾ?

ಬೈಯುವವರು ಬೈಯಿರಿ, ಓದುತ್ತೇನೆ.

ಕಪ್ಪುತೆರೆ (ಭಾನುವಾರ ರಾತ್ರಿ 9:52)

ಮೊದಲು ಆ ಕಂಪ್ಯೂಟರ್ ಆಫ್ ಮಾಡಿ. ಈಗಲೇ. ಜಗಳ ಆಮೇಲೆ.

ಡಿಸ್ಕ್ ಯಾವುದು, ತಿರುಗುವ ಹಳೇ ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ? ಎಸ್‌ಎಸ್‌ಡಿ ಆದರೆ ಕಷ್ಟ. ಮಿಂಟ್ ವಾರಕ್ಕೊಮ್ಮೆ ತಾನಾಗೇ ಟ್ರಿಮ್ ಮಾಡುತ್ತದೆ, ಅಳಿಸಿದ ಜಾಗವನ್ನು ಗುಡಿಸಿ ಹಾಕಿಬಿಡುತ್ತದೆ. ಹಳೇ ಡಿಸ್ಕ್ ಆದರೆ ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೂ ಚಿತ್ರಗಳು ಅಲ್ಲೇ ಇರುತ್ತವೆ. ನೀವು ಬ್ರೌಸರ್ ತೆರೆದು ಕೂತರೂ ಡಿಸ್ಕಿನ ಮೇಲೆ ಬರೆದ ಹಾಗೆಯೇ. ಫೋನಿನಿಂದ ಉತ್ತರಿಸಿ.

ತುಂಗೆತಡಿ (ಭಾನುವಾರ ರಾತ್ರಿ 9:58)

ಹಾರ್ಡ್ ಡಿಸ್ಕೇ. ಗರಗರ ಅನ್ನುತ್ತದೆ. ಆಫ್ ಮಾಡಿದೆ. ಶುಕ್ರವಾರದಿಂದ ಸಿಟ್ಟಿಗೆ ಅದನ್ನು ಮುಟ್ಟಿರಲೂ ಇಲ್ಲ, ಇವತ್ತು ಇದನ್ನು ಬರೆಯಲು ಮಾತ್ರ ಹಾಕಿದ್ದೆ.

ಕಪ್ಪುತೆರೆ (ಭಾನುವಾರ ರಾತ್ರಿ 10:20)

ಸಿಟ್ಟು ಮಾಡಿಕೊಂಡಿದ್ದು ಒಳ್ಳೆಯದೇ ಆಯಿತು. ಹೆಚ್ಚಿನವು ಸಿಗಬಹುದು.

ಈಗ ಜಗಳ. ನಾನು ಸಾಗರದಲ್ಲಿ ಮನೆಯಲ್ಲೇ ಕೂತು ದೂರದ ಸರ್ವರ್‌ಗಳನ್ನು ನೋಡಿಕೊಳ್ಳುವವನು, ದಿನವಿಡೀ ಟರ್ಮಿನಲ್. ಮಳೆಗಾಲದಲ್ಲಿ ಇಲ್ಲಿ ನೆಟ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಗಾಳಿ ಬಂದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ. ಮೊಬೈಲಿನ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ದೂರದ ಮೆಷಿನ್ನಿನ ಡೆಸ್ಕ್‌ಟಾಪ್ ತೆರೆದರೆ ಮೌಸ್ ಬಾಣ ಇವತ್ತು ಹೊರಟು ನಾಳೆ ತಲುಪುತ್ತದೆ. ಅದೇ ಎಸ್‌ಎಸ್‌ಎಚ್ (ದೂರದ ಮೆಷಿನ್ನಿನ ಟರ್ಮಿನಲ್ಲಿಗೆ ಸೇರುವ ದಾರಿ) ಆದರೆ ನಾಲ್ಕು ಅಕ್ಷರ ಹೋಗುತ್ತವೆ, ನಾಲ್ಕು ಸಾಲು ಬರುತ್ತವೆ, ಕೆಲಸ ಮುಗಿಯುತ್ತದೆ. ಹಾಗಾಗಿ ಟರ್ಮಿನಲ್ ಅಂದರೆ ಪೊಗರು ಅನ್ನುವುದನ್ನು ಒಪ್ಪುವುದಿಲ್ಲ.

ಆಮೇಲೆ ಮೌಸ್ ಏನು ಸಾಧುವಾ? ಹಿಂದೆ ಇದ್ದ ಒಂದು ಆಫೀಸಿನಲ್ಲಿ ಎಲ್ಲರೂ ಬಳಸುವ ಫೋಲ್ಡರೇ ಮಾಯ. ಅರ್ಧ ದಿನ ಹುಡುಕಿದ ಮೇಲೆ ಪಕ್ಕದ ಫೋಲ್ಡರಿನ ಹೊಟ್ಟೆಯಲ್ಲಿ ಸಿಕ್ಕಿತು. ಯಾರದೋ ಬೆರಳು ಜಾರಿತ್ತು. ಯಾರು, ಯಾವಾಗ, ಗೊತ್ತಿಲ್ಲ. ಟರ್ಮಿನಲ್ಲಿನಲ್ಲಿ ಹಿಸ್ಟರಿ ಅಂತ ಬರೆದರೆ ನಾನು ಏನು ಮಾಡಿದ್ದೆ ಅಂತ ಸಾಲು ಸಾಲಾಗಿ ಸಿಗುತ್ತದೆ. ನಿಮ್ಮ ಮೌಸಿಗೆ ಅಂಥದ್ದು ಇದೆಯಾ?

ನಿಮ್ಮ ತಮ್ಮ ಕಳಿಸಿದ ಸಾಲನ್ನು ಹಾಗೇ ಇಲ್ಲಿ ಹಾಕಿ. ಫೋಲ್ಡರಿನ ಚಿತ್ರವನ್ನೂ.

ದೋಟಿ (ಭಾನುವಾರ ರಾತ್ರಿ 10:31)

ಸೊರಬದವನು. ಕಂಪ್ಯೂಟರ್ ಜಾಸ್ತಿ ಗೊತ್ತಿಲ್ಲ, ಅಡಿಕೆ ಗೊತ್ತು. ಮೊದಲು ಕೊನೆ ಇಳಿಸಬೇಕು ಅಂದರೆ ಮರ ಹತ್ತುವವರೇ ಬರಬೇಕಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಇಳಿಸುತ್ತೇವೆ, ಔಷಧಿಯನ್ನೂ ಹೊಡೆಯುತ್ತೇವೆ. ದೋಟಿ ಹಿಡಿದವನನ್ನು ನೋಡಿ "ಇವನಿಗೆ ಮರ ಹತ್ತಲು ಬರಲ್ಲ" ಅಂತ ಯಾರೂ ನಗುವುದಿಲ್ಲ. ಕಂಪ್ಯೂಟರ್ ಜನ ಮಾತ್ರ ಯಾಕೆ ನಗುತ್ತಾರೆ?

ಕಪ್ಪುತೆರೆ (ಭಾನುವಾರ ರಾತ್ರಿ 10:35)

ದೋಟಿಗೆ ಎಟುಕದ ಮರ ಇರುತ್ತದಲ್ಲ, ಆಗ ಯಾರನ್ನು ಕರೆಯುತ್ತೀರಿ?

ದೋಟಿ (ಭಾನುವಾರ ರಾತ್ರಿ 10:37)

ಹತ್ತುವವನನ್ನೇ. ಆದರೆ ಅವನು ಬಂದು ನನ್ನ ಕಾಲಿಗೆ ಮರ ಹತ್ತುವ ತಳೆ ಕಟ್ಟಿ "ನೀನೇ ಹತ್ತು" ಅನ್ನಲ್ಲ.

ಡಿಟಿಪಿ ಅಣ್ಣ (ಸೋಮವಾರ ಬೆಳಿಗ್ಗೆ 7:15)

ಹಹ್ಹ, ದೋಟಿಯವರೇ, ನಮಸ್ಕಾರ.

ಶಿವಮೊಗ್ಗದಲ್ಲಿ ನನ್ನದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್ ಎಲ್ಲ ಬಳಸುತ್ತೇನೆ. ಈ ಕೆಲಸವನ್ನು ಕಮ್ಯಾಂಡಿನಲ್ಲಿ ಮಾಡು ಅಂದರೆ ಅಂಗಡಿ ಮುಚ್ಚುತ್ತೇನೆ. ಮದುಮಗಳ ಹೆಸರಿನ ಕೊಂಬು ಗಣಪತಿಯ ಸೊಂಡಿಲಿಗೆ ತಾಗುತ್ತಿದೆಯಾ ಅಂತ ಕಣ್ಣಲ್ಲಿ ನೋಡಬೇಕು. ಕೂದಲೆಳೆಯಷ್ಟು ಸರಿಸಬೇಕು, ಮತ್ತೆ ನೋಡಬೇಕು. ಗಿರಾಕಿ ಪಕ್ಕದಲ್ಲೇ ನಿಂತು "ಇನ್ನೂ ಸ್ವಲ್ಪ ಈಚೆ" ಅನ್ನುತ್ತಿರುತ್ತಾನೆ. "ಸ್ವಲ್ಪ ಈಚೆ" ಅನ್ನುವುದಕ್ಕೆ ಯಾವ ಕಮ್ಯಾಂಡು?

ಆದರೆ ಒಂದು ಕೆಲಸಕ್ಕೆ ನಾನೂ ತಲೆಬಾಗಿದ್ದೇನೆ. ಜೂನ್ ಬಂತು ಅಂದರೆ ಶಾಲೆಗಳ ಐಡಿ ಕಾರ್ಡು. ಎಂಟುನೂರು ಮಕ್ಕಳ ಫೋಟೋ, ಎಲ್ಲವೂ ಒಂದೇ ಅಳತೆಗೆ ಬರಬೇಕು. ಇಮೇಜ್‌ಮ್ಯಾಜಿಕ್ ಅಂತ ಇದೆ, ಒಂದು ಸಾಲಿಗೆ ಎಲ್ಲವೂ ಆಗುತ್ತದೆ. ಪರಿಚಯದ ಹುಡುಗ ಅದನ್ನು ಬರೆದು, ಡೆಸ್ಕ್‌ಟಾಪಿನ ಮೇಲೆ ಐಕಾನ್ ಮಾಡಿ ಕೊಟ್ಟ. ಫೋಟೋ ಫೋಲ್ಡರನ್ನು ಅದರ ಮೇಲೆ ಎಳೆದು ಬಿಟ್ಟರೆ ಮುಗಿಯಿತು. ಒಳಗೆ ಕಮ್ಯಾಂಡು, ಹೊರಗೆ ಐಕಾನು. ಅವನಿಗೆ ನಾನು ಹಾಕಿದ್ದು ಒಂದೇ ಷರತ್ತು, ಮೂಲ ಫೋಟೋಗಳನ್ನು ಮುಟ್ಟಬಾರದು, ಚಿಕ್ಕದಾದವು ಬೇರೆ ಫೋಲ್ಡರಿಗೆ ಬೀಳಬೇಕು. ಇಮೇಜ್‌ಮ್ಯಾಜಿಕ್‌ನಲ್ಲೇ ಮೊಗ್ರಿಫೈ ಅಂತ ಇನ್ನೊಂದಿದೆಯಂತೆ, ಅದು ಮೂಲದ ಮೇಲೇ ಬರೆದುಬಿಡುತ್ತದೆ. ಎಂಟುನೂರು ಮಕ್ಕಳನ್ನು ಮತ್ತೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದನ್ನು ನೆನೆಸಿಕೊಳ್ಳಿ.

ತುಂಗೆತಡಿಯವರೇ, ಚಿತ್ರ ಹಾಕಿದರೆ ನಾನೂ ನೋಡುತ್ತೇನೆ.

ಫೈನಲ್ ಇಯರ್ (ಸೋಮವಾರ ಬೆಳಿಗ್ಗೆ 8:02)

ಎಲ್ಲರೂ ಹಿರಿಯರು, ಆದರೂ ಹೇಳುತ್ತೇನೆ. ಐಕಾನ್ ಒತ್ತುವವರಿಗೆ ಕಂಪ್ಯೂಟರ್ ಒಳಗೆ ಏನಾಗುತ್ತದೆ ಅಂತಲೇ ಗೊತ್ತಾಗುವುದಿಲ್ಲ. ನಿಜವಾದ ಕಂಪ್ಯೂಟರ್ ಅಂದರೆ ಟರ್ಮಿನಲ್. ಮೌಸು, ಕಿಟಕಿ ಎಲ್ಲ ಆಮೇಲೆ ಮಾರಾಟಕ್ಕೆ ಅಂತ ಸೇರಿಸಿದ್ದು.

ಲ್ಯಾಬ್ ಮೇಷ್ಟ್ರು (ಸೋಮವಾರ ಮಧ್ಯಾಹ್ನ 1:25)

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಹೊಸನಗರ ಕಡೆಯ ಶಾಲೆ.

ಫೈನಲ್ ಇಯರ್, ಸ್ವಲ್ಪ ಇಸವಿ ನೋಡಿಕೊಳ್ಳಿ. ಮೌಸ್ ಕಂಡುಹಿಡಿದ ಡಗ್ಲಸ್ ಎಂಗಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಸಾವಿರ ಜನರೆದುರು ಮೌಸ್ ಹಿಡಿದು ತೋರಿಸಿದ್ದು 1968ರ ಡಿಸೆಂಬರ್ 9ಕ್ಕೆ. ಅವರ ಮೊದಲ ಮೌಸ್ ಮರದ ಡಬ್ಬಿ, ಕೆಳಗೆ ಎರಡು ಚಕ್ರ. ನೀವು ಪೂಜಿಸುವ ಯುನಿಕ್ಸ್, ಅಂದರೆ ಲಿನಕ್ಸಿನ ಪೂರ್ವಜ, ಶುರುವಾಗಿದ್ದು 1969ರಲ್ಲಿ. ಮೌಸಿನಿಂದ ನಡೆಯುವ ಕಂಪ್ಯೂಟರುಗಳಲ್ಲಿ ಝೆರಾಕ್ಸ್‌ನವರ ಆಲ್ಟೊ 1973, ಸ್ಟಾರ್ 1981, ಆಪಲ್‌ನ ಮ್ಯಾಕಿಂಟೋಷ್ 1984. ಹಾಗಾಗಿ "ಆಮೇಲೆ ಸೇರಿಸಿದ್ದು" ಅನ್ನುವುದು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ.

ಇನ್ನು ನಿಮ್ಮ ಟರ್ಮಿನಲ್ ಎಲ್ಲಿಂದ ಬಂತು? ಅದು ಟೆಲಿಟೈಪ್ ಅನ್ನುವ ಟೈಪ್‌ರೈಟರ್ ಯಂತ್ರದ ನೆರಳು. ಲಿನಕ್ಸಿನಲ್ಲಿ ಇವತ್ತಿಗೂ ಟಿಟಿವೈ ಅನ್ನುವ ಹೆಸರು ಕಾಣುತ್ತದಲ್ಲ, ಅದೇ. 1963ರ ಮಾಡೆಲ್ 33 ಅನ್ನುವ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿತ್ತು. ಕಾಪಿ, ಮೂವ್ ಅನ್ನುವ ಪದಗಳು ಸಿಪಿ, ಎಂವಿ ಅಂತ ಎರಡಕ್ಷರಕ್ಕೆ ಇಳಿದಿದ್ದರಲ್ಲಿ ಆಶ್ಚರ್ಯ ಏನಿದೆ? ಆ ಯಂತ್ರದಲ್ಲಿ ಇಂಗ್ಲಿಷಿನ ಸಣ್ಣಕ್ಷರವೇ ಇರಲಿಲ್ಲ. ಇನ್ನು ನಮ್ಮ ಒತ್ತಕ್ಷರ ಎಲ್ಲಿಂದ ಬರಬೇಕು?

ನನ್ನ ಅಸಲಿ ದೂರು ಇಲ್ಲಿದೆ. ಟರ್ಮಿನಲ್ ಪರದೆ ಚೌಕಾಬಾರದ ಮನೆಗಳ ಹಾಗೆ, ಒಂದು ಮನೆಗೆ ಒಂದಕ್ಷರ. ಇಂಗ್ಲಿಷಿಗೆ ಅದು ಹೊಂದುತ್ತದೆ. ಕನ್ನಡದಲ್ಲಿ "ಸ್ತ್ರೀ" ಅಂತ ಬರೆದರೆ ಕಣ್ಣಿಗೆ ಒಂದಕ್ಷರ, ಒಳಗೆ ಆರು ಸಂಕೇತ, ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೆಂಟು ಬೈಟು. ಅದನ್ನು ಜೋಡಿಸಿ ಒಂದೇ ಆಕಾರ ಮಾಡುವ ಕೆಲಸವನ್ನು ಉಳಿದ ಕಿಟಕಿಗಳಲ್ಲಿ ಹಾರ್ಫ್‌ಬಝ್ ಅನ್ನುವ ತಂತ್ರಾಂಶ ಮಾಡುತ್ತದೆ. ಎಷ್ಟೋ ಟರ್ಮಿನಲ್‌ಗಳು ಆ ಗೋಜಿಗೇ ಹೋಗುವುದಿಲ್ಲ. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ, ಕರ್ಸರ್ ಮೂರನೇ ಕಡೆ. ಕೆಲವದರಲ್ಲಿ ಸ್ವಲ್ಪ ವಾಸಿ, ಅಷ್ಟೇ. ಕಿಟಕಿಗಳೇ ಇಲ್ಲದ ಲಿನಕ್ಸಿನ ಬರೀ ಕನ್ಸೋಲ್ ತೆರೆದರೆ ಅದಕ್ಕೆ ಒಟ್ಟು 512 ಆಕಾರಗಳೇ ಮಿತಿ, ಅಲ್ಲಿ ಕನ್ನಡ ಅಂದರೆ ಬರೀ ಡಬ್ಬಿಗಳು.

ನನ್ನ ಎಂಟನೇ ಕ್ಲಾಸಿನ ಮಕ್ಕಳು ಫೈಲಿಗೆ "ನಮ್ಮೂರ ಜಾತ್ರೆ" ಅಂತ ಹೆಸರಿಡುತ್ತಾರೆ. ಅದನ್ನು ಸರಿಯಾಗಿ ಓದಲೂ ಬಾರದ ಕಿಟಕಿಯನ್ನು ನಿಜವಾದ ಕಂಪ್ಯೂಟರ್ ಅಂತ ಅವರಿಗೆ ಹೇಗೆ ಹೇಳಲಿ? ಲಿಬ್ರೆಆಫೀಸ್ ಮೆನುವನ್ನು ಕನ್ನಡಕ್ಕೆ ಹಾಕಿಕೊಡಬಹುದು. ಹಾಕಿಕೊಟ್ಟೆ ಕೂಡ. ಮಕ್ಕಳು "ಕಡತ" ಅಂದರೆ ಏನು ಸಾರ್ ಅಂತ ಕೇಳಿ, ಫೈಲಾ, ಹಂಗನ್ನಿ ಅಂದರು. ಅದು ಬೇರೆ ಕಥೆ. ಆದರೆ ಮೆನುವಿನಲ್ಲಿ ಏನೇನಿದೆ ಅಂತ ಒಂದೊಂದೇ ತೆರೆದು ನೋಡುತ್ತಾ ಒಬ್ಬ ಹುಡುಗಿ, ನಾನು ಹೇಳಿಕೊಡದ ಹತ್ತು ಕೆಲಸ ಕಲಿತಳು. ಖಾಲಿ ಕಪ್ಪು ಪರದೆಯ ಮುಂದೆ ಕೂರಿಸಿದ್ದರೆ ಅವಳು ಎಲ್ಲಿಂದ ಶುರು ಮಾಡಬೇಕಿತ್ತು?

ಕಪ್ಪುತೆರೆ (ಸೋಮವಾರ ಮಧ್ಯಾಹ್ನ 1:50)

ಮೇಷ್ಟ್ರೇ, ಒಂದು ತಿದ್ದುಪಡಿ. ಯುನಿಕ್ಸಿಗೂ ಮೊದಲೇ ಕೀಲಿ ಕುಟ್ಟಿ ಕಂಪ್ಯೂಟರ್ ಜೊತೆ ಮಾತಾಡುತ್ತಿದ್ದರು. ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಅನ್ನುವುದನ್ನು 1961ರಲ್ಲೇ ತೋರಿಸಿದ್ದರು. ಹಾಗಾಗಿ ವಯಸ್ಸಿನಲ್ಲಿ ನಮ್ಮದೇ ಹಿರಿದು.

ಕನ್ನಡದ ವಿಷಯದಲ್ಲಿ ನನ್ನ ಹತ್ತಿರ ಉತ್ತರವಿಲ್ಲ. ನಾನು ಫೈಲುಗಳಿಗೆ ಇಂಗ್ಲಿಷಿನಲ್ಲೇ ಹೆಸರಿಡುತ್ತೇನೆ. ಯಾಕೆ ಅಂತ ಈಗ ಯೋಚಿಸಿದರೆ, ಇದೇ ಕಾರಣಕ್ಕೆ. ಅಭ್ಯಾಸ ಆಗಿಹೋಗಿದೆ.

ಒಂದು ಕೇಳುತ್ತೇನೆ. ಅಪ್‌ಡೇಟ್ ಆಗುತ್ತಿರುವಾಗ ಕರೆಂಟು ಹೋದರೆ ಲ್ಯಾಬಿನಲ್ಲಿ ಏನು ಮಾಡುತ್ತೀರಿ?

ಲ್ಯಾಬ್ ಮೇಷ್ಟ್ರು (ಸೋಮವಾರ ಸಂಜೆ 4:40)

ಸರಿಯಾದ ಜಾಗಕ್ಕೇ ಹೊಡೆದಿರಿ. ಹೋದ ಆಷಾಢದಲ್ಲಿ ಆಗಿತ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು, ನಾಲ್ಕು ಮೆಷಿನ್ ಅರ್ಧ ಅಪ್‌ಡೇಟಿನಲ್ಲಿ ನಿಂತವು. ಚಿತ್ರದ ಅಂಗಡಿಯಂಥ ಆ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದರೆ ಏನೋ ತೊಂದರೆ ಆಗಿದೆ ಅಂದು ಸುಮ್ಮನಾಯಿತು. ಕೊನೆಗೆ ಟರ್ಮಿನಲ್ ತೆಗೆದರೆ ಡಿಪಿಕೆಜಿ (ತಂತ್ರಾಂಶಗಳನ್ನು ಹಾಕುವ ಒಳಗಿನ ಪ್ರೋಗ್ರಾಮ್) ಅರ್ಧಕ್ಕೆ ನಿಂತಿದೆ, ಇಂಥ ಕಮ್ಯಾಂಡ್ ಓಡಿಸು ಅಂತ ಅದೇ ಇಡೀ ಸಾಲನ್ನು ಬರೆದು ತೋರಿಸಿತು. ಹಾಗೇ ಕುಟ್ಟಿದೆ, ಸರಿಹೋಯಿತು. ಆವತ್ತು ಟರ್ಮಿನಲ್ ಗೆದ್ದಿತು, ಒಪ್ಪಿದೆ.

ಆದರೆ ಅದೇ ತೊಂದರೆ ಬಂದ ಇನ್ನೊಬ್ಬ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿಕೊಡಲು ಮುಕ್ಕಾಲು ಗಂಟೆ ಹಿಡಿಯಿತು. "ಅಡ್ಡಗೆರೆ ಸಾರ್. ಕೆಳಗಿನದ್ದಲ್ಲ, ಮಧ್ಯದ್ದು. ಎರಡು. ಜೋಡಿಸಿ, ನಡುವೆ ಜಾಗ ಬೇಡ. ಈಗ ಜಾಗ ಬಿಡಿ." ಮೆಸೇಜ್ ಕಳಿಸಿದರೆ ಇನ್ನೂ ಕಷ್ಟ. ಫೋನಿನ ಕೀಲಿಮಣೆ ಎರಡು ಅಡ್ಡಗೆರೆಯನ್ನು ಸೇರಿಸಿ ಒಂದೇ ಉದ್ದಗೆರೆ ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ಕಮ್ಯಾಂಡ್ ಮಾತ್ರ ಓಡುವುದಿಲ್ಲ.

ಕಿವಿಯಿಂದ ಓದುವೆ (ಸೋಮವಾರ ಸಂಜೆ 6:10)

ಎಲ್ಲರೂ ಕಣ್ಣಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ನನಗೆ ಕಣ್ಣು ಕಾಣುವುದಿಲ್ಲ. ಭದ್ರಾವತಿ. ಓರ್ಕಾ ಅನ್ನುವ ಸ್ಕ್ರೀನ್ ರೀಡರ್, ಈಸ್ಪೀಕ್‌ನ ಕನ್ನಡ ಧ್ವನಿ. ಧ್ವನಿ ಸ್ವಲ್ಪ ರೋಬೋಟ್ ಥರ ಇದೆ, ಅಭ್ಯಾಸವಾಗಿದೆ.

"ನೋಡಿದರೆ ಗೊತ್ತಾಗುತ್ತದೆ" ಅನ್ನುವ ಐಕಾನು ನನ್ನ ಕಿವಿಗೆ ಬರೀ "ಬಟನ್". ಮಾಡಿದವರು ಅದಕ್ಕೆ ಹೆಸರು ಬರೆಯದಿದ್ದರೆ ಒಂದು ಸಾಲಿನಲ್ಲಿ "ಬಟನ್, ಬಟನ್, ಬಟನ್" ಅಂತ ಐದು ಸಲ ಕೇಳುತ್ತದೆ. ಅದರಲ್ಲಿ ಯಾವುದು ಉಳಿಸುತ್ತದೆ, ಯಾವುದು ಅಳಿಸುತ್ತದೆ? ಟರ್ಮಿನಲ್ಲಿನಲ್ಲಿ ಬರೆದೆ, ಉತ್ತರ ಕೇಳಿಸಿತು, ಮುಗಿಯಿತು. ಅದಕ್ಕೇ ನನಗೆ ಅದು ಇಷ್ಟ.

ಹಾಗಂತ ಗ್ರಾಫಿಕಲ್ ಬೇಡ ಅಂತಲ್ಲ. ಸರಿಯಾಗಿ ಹೆಸರು ಬರೆದ ಮೆನು ಇದ್ದರೆ ಬಾಣದ ಕೀಲಿ ಒತ್ತುತ್ತಾ ಹೋಗುತ್ತೇನೆ. ಏನೇನು ಮಾಡಬಹುದು ಅಂತ ಅದೇ ಹೇಳುತ್ತಾ ಹೋಗುತ್ತದೆ, ನೆನಪಿಟ್ಟುಕೊಳ್ಳುವ ಕಷ್ಟ ಇಲ್ಲ. ಮೇಷ್ಟ್ರ ಹುಡುಗಿ ಕಲಿತ ಹಾಗೆಯೇ ನಾನೂ ಕಲಿತಿದ್ದು. ಚಿತ್ರ ಇರಲಿ, ಜೊತೆಗೆ ಹೆಸರೂ ಇರಲಿ ಅಂತ ನನ್ನ ಕೋರಿಕೆ.

ಡಿಟಿಪಿ ಅಣ್ಣ (ಸೋಮವಾರ ಸಂಜೆ 6:25)

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನನ್ನ ಅಂಗಡಿಯ ಐಕಾನಿಗೂ ಹೆಸರಿಲ್ಲ, ಬರೀ ಚುಕ್ಕಿ ಇಟ್ಟಿದ್ದೆ. ಇವತ್ತೇ ಬರೆಯುತ್ತೇನೆ.

ತುಂಗೆತಡಿ (ಸೋಮವಾರ ರಾತ್ರಿ 8:30)

ಪೇಟೆಗೆ ಹೋಗಿ ಪೆನ್‌ಡ್ರೈವಿಗೆ ಲೈವ್ ಮಿಂಟ್ ಹಾಕಿಸಿಕೊಂಡು ಬಂದೆ. ಅದರಿಂದಲೇ ಶುರು ಮಾಡಿ, ಡಿಸ್ಕಿಗೆ ಏನೂ ಬರೆಯದೆ, ಫೋಲ್ಡರಿನ ಚಿತ್ರ ತೆಗೆದು ಹಾಕಿದ್ದೇನೆ. ತಮ್ಮ ಕಳಿಸಿದ ಸಾಲನ್ನೂ ಹಾಕಿದ್ದೇನೆ.

ಡಿಟಿಪಿ ಅಣ್ಣ (ಸೋಮವಾರ ರಾತ್ರಿ 8:41)

ಸಿಕ್ಕಿತು ಮಾರಾಯರೇ!

ಚಿತ್ರವನ್ನು ದೊಡ್ಡದು ಮಾಡಿ ಎರಡು ಹೆಸರನ್ನು ನೋಡಿ. ಖಾಲಿ ಫೋಲ್ಡರಿನ ಹೆಸರು "ಸ್ಕ್ಯಾನ್‌ಗಳು". ನ ಅಕ್ಷರಕ್ಕೆ ಮೇಲೆ ಕೊಕ್ಕೆ, ಪಕ್ಕದಲ್ಲಿ ಪೂರ್ತಿ ಗ. ಉಳಿದ ಒಂದು ಫೈಲಿನ ಹೆಸರು "ಸ್ಕ್ಯಾನ್ಗಳು". ಅದರಲ್ಲಿ ಗ ಕೆಳಗಿಳಿದು ಒತ್ತಾಗಿದೆ. ಎರಡೂ ಒಂದೇ ಅಲ್ಲ. ಇಪ್ಪತ್ತು ವರ್ಷ ಪ್ರೂಫ್ ನೋಡಿದ ಕಣ್ಣು ನಂದು.

ಕಪ್ಪುತೆರೆ (ಸೋಮವಾರ ರಾತ್ರಿ 9:05)

ಅಣ್ಣ, ಶಭಾಷ್. ನಾನು ಆ ಸಾಲನ್ನು ನನ್ನ ಟರ್ಮಿನಲ್ಲಿಗೆ ಹಾಕಿ ಅರ್ಧ ಗಂಟೆ ದಿಟ್ಟಿಸಿದರೂ ಕಾಣಿಸಿರಲಿಲ್ಲ, ಯಾಕೆಂದರೆ ಇಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಟರ್ಮಿನಲ್ ಒತ್ತು ಜೋಡಿಸುವುದೇ ಇಲ್ಲವಲ್ಲ, ನ್ ಬೇರೆ ಗ ಬೇರೆ. ನೀವು ಹೇಳಿದ ಮೇಲೆ ಎರಡನ್ನೂ ಬೈಟುಗಳಾಗಿ ಬಿಚ್ಚಿ ನೋಡಿದೆ. ಫೋಲ್ಡರಿನ ಹೆಸರಿನಲ್ಲಿ ನ್ ಆದ ಮೇಲೆ ಇ2 80 8ಸಿ ಅಂತ ಮೂರು ಬೈಟು ಜಾಸ್ತಿ ಇದೆ. ಕಣ್ಣಿಗೆ ಕಾಣದ, ಒತ್ತು ಆಗದಂತೆ ತಡೆಯುವ ಸಂಕೇತ ಅದು. ನೀವು ಫೋಲ್ಡರ್ ಮಾಡುವಾಗ ಸರಿಯಾಗಿ ಬರೆದಿದ್ದೀರಿ, ನಿಮ್ಮ ತಮ್ಮ ಫೋನಿನಲ್ಲಿ ಅದನ್ನು ಹಾಕದೇ ಬರೆದಿದ್ದಾನೆ.

ಆಗಿದ್ದು ಹೀಗೆ. ಒಂದೊಂದೇ ಫೈಲನ್ನು ತೆಗೆದು ಆ ಹೆಸರಿಗೆ ಮೂವ್ ಮಾಡು ಅಂತ ಲೂಪ್ ಬರೆದಿದ್ದಾನೆ. ಆ ಹೆಸರಿನ ಫೋಲ್ಡರ್ ಇಲ್ಲ. ಫೋಲ್ಡರ್ ಇಲ್ಲದಿದ್ದರೆ ಎಂವಿ ಏನು ತಿಳಿಯುತ್ತದೆ ಅಂದರೆ, ಓ, ಫೈಲಿಗೆ ಹೊಸ ಹೆಸರು ಕೊಡಬೇಕು ಅಂತ. ಮೊದಲ ಪುಟಕ್ಕೆ ಆ ಹೆಸರು ಕೊಟ್ಟಿತು. ಎರಡನೇ ಪುಟಕ್ಕೂ ಅದೇ ಹೆಸರು, ಮೊದಲನೆಯದು ಹೋಯಿತು. ಹೀಗೆ 312 ಸಲ.

ಲೂಪ್ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಎಲ್ಲ ಫೈಲನ್ನು ಒಟ್ಟಿಗೇ ಕೊಟ್ಟಿದ್ದರೆ ಗುರಿ ಫೋಲ್ಡರ್ ಅಲ್ಲ ಅಂತ ಬೈದು ನಿಲ್ಲುತ್ತಿತ್ತು. ಹೆಸರಿನ ಕೊನೆಗೆ ಒಂದು ಓರೆಗೆರೆ (/) ಹಾಕಿದ್ದರೂ ನಿಲ್ಲುತ್ತಿತ್ತು. ಮೇಲೆ ಬರೆಯುವ ಮೊದಲು ಕೇಳು ಅನ್ನುವ ಐ ಆಯ್ಕೆಯೂ ಇತ್ತು.

ತುಂಗೆತಡಿ (ಸೋಮವಾರ ರಾತ್ರಿ 9:20)

ಒಂದು ಓರೆಗೆರೆ. 312 ಪುಟ.

ನೀವು ಸುಳ್ಳು ಹೇಳುತ್ತಿಲ್ಲ. ಆದರೆ ನೋಡಿ, ಮೌಸ್ ಹಿಡಿದಿದ್ದರೆ ಇಲ್ಲದ ಫೋಲ್ಡರಿನ ಮೇಲೆ ಎಳೆದು ಹಾಕಲು ಜಾಗವೇ ಇರುತ್ತಿರಲಿಲ್ಲ. ಅದಕ್ಕೆ ಯಾವ ಆಯ್ಕೆಯನ್ನೂ ನೆನಪಿಡಬೇಕಿರಲಿಲ್ಲ. ಅದೇ ಹೆಸರಿನ ಫೈಲು ಇದ್ದಿದ್ದರೆ ಎರಡರ ಚಿತ್ರ, ಅಳತೆ, ತಾರೀಖು ಅಕ್ಕಪಕ್ಕ ತೋರಿಸಿ "ಬದಲಾಯಿಸಲಾ?" ಅಂತ ಕೇಳುತ್ತಿತ್ತು. ಜಾಗ ತಪ್ಪಿದ್ದರೆ ಕಂಟ್ರೋಲ್ ಝಡ್. ಫೈಲುಗಳನ್ನು ಬಗೆಯ ಪ್ರಕಾರ ಸಾಲಾಗಿಸಿ, ಮೊದಲನೆಯದರ ಮೇಲೆ ಒಂದು ಕ್ಲಿಕ್ಕು, ಶಿಫ್ಟ್ ಹಿಡಿದು ಕೊನೆಯದರ ಮೇಲೆ ಇನ್ನೊಂದು ಕ್ಲಿಕ್ಕು, ಒಂದು ಎಳೆತ. ಹತ್ತು ಸೆಕೆಂಡು. ಆ ಹತ್ತು ಸೆಕೆಂಡು ಉಳಿಸಲು ಹೋಗಿ ಹೀಗಾಯಿತು.

ಫೈನಲ್ ಇಯರ್ (ಸೋಮವಾರ ರಾತ್ರಿ 9:33)

ಸಾರ್, ನಾನೂ ಎಷ್ಟೋ ಸಲ ಇಂಥ ಸಾಲುಗಳನ್ನು ಗೆಳೆಯರಿಗೆ ಕಳಿಸಿದ್ದೇನೆ. ಓರೆಗೆರೆ ಹಾಕಿದ್ದೆನಾ ಅಂತ ಈಗ ಹಿಂದೆ ಹೋಗಿ ನೋಡುತ್ತಿದ್ದೇನೆ.

ಕಪ್ಪುತೆರೆ (ಸೋಮವಾರ ರಾತ್ರಿ 9:40)

ತುಂಗೆತಡಿ, ಒಪ್ಪಿದೆ. ನಿಮ್ಮ ಕೆಲಸಕ್ಕೆ ಮೌಸೇ ಸರಿ. ಒಮ್ಮೆ ಮಾಡುವ, ಕಣ್ಣಿಂದ ನೋಡಿ ಆರಿಸುವ ಕೆಲಸ. ನನ್ನದು ನಲವತ್ತು ಮೆಷಿನ್‌ಗಳಲ್ಲಿ ದಿನಾ ಒಂದೇ ಥರ ಆಗಬೇಕಾದ ಕೆಲಸ. ನಿಮಗೆ ಸಾಲು ಕಳಿಸಿದವನು ಅದು ನಿಮ್ಮ ಕೆಲಸ ಅನ್ನುವುದನ್ನೇ ಮರೆತ.

ಈಗ ಫೈಲು ವಾಪಸ್ ತರೋಣ. ಬೈಯಬೇಡಿ, ಅಳಿಸಿಹೋದ ಚಿತ್ರಗಳನ್ನು ಹುಡುಕಿ ತರುವ ಫೋಟೋರೆಕ್ ಅನ್ನುವುದನ್ನು ಟರ್ಮಿನಲ್ಲಿನಲ್ಲೇ ಓಡಿಸಬೇಕು. ಆದರೆ ಬರೆಯುವುದು ಒಂದೇ ಪದ, ಆಮೇಲೆ ಬಾಣದ ಕೀಲಿಯ ಮೆನು. ಡಿಸ್ಕ್ ಆರಿಸಿ, ಪಾರ್ಟಿಷನ್ ಆರಿಸಿ, ಖಾಲಿ ಜಾಗ ಮಾತ್ರ ಹುಡುಕು ಅನ್ನಿ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಿ, ಅದೇ ಡಿಸ್ಕಿಗೆ ಬೇಡ. ಹೆಸರುಗಳು ವಾಪಸ್ ಬರುವುದಿಲ್ಲ. ಎಫ್ ಅಕ್ಷರ, ಮುಂದೆ ಒಂದಿಷ್ಟು ಅಂಕಿ, ಅಷ್ಟೇ.

ತುಂಗೆತಡಿ (ಗುರುವಾರ ರಾತ್ರಿ 9:15)

ಫಲಿತಾಂಶ.

ಫೋಟೋರೆಕ್ ರಾತ್ರಿಯಿಡೀ ಓಡಿತು. ಮಧ್ಯೆ ಎರಡು ಸಲ ಕರೆಂಟು ಹೋಗಿತ್ತು, ಇನ್ವರ್ಟರ್ ಕಾಪಾಡಿತು. ಬೆಳಿಗ್ಗೆ ನೋಡಿದರೆ ನಾಲ್ಕು ಸಾವಿರಕ್ಕೂ ಜಾಸ್ತಿ ಚಿತ್ರ. ನಾನು ಯಾವಾಗಲೋ ಅಳಿಸಿದ್ದ ಶುಭೋದಯದ ಗುಲಾಬಿ ಹೂವುಗಳು, ದೀಪಾವಳಿ ಹಣತೆಗಳು, ಯಾರದೋ ಗೃಹಪ್ರವೇಶ, ಎಲ್ಲ ಸಾಲಾಗಿ ವಾಪಸ್ ಬಂದಿವೆ. ಅವುಗಳ ನಡುವೆ ಅಜ್ಜನ ಪುಟಗಳು.

ಥಂಬ್‌ನೇಲ್ ದೊಡ್ಡದು ಮಾಡಿ ಮೊದಲು ಹೂವುಗಳನ್ನು ಕಿತ್ತೆ. ಉಳಿದ ಪುಟಗಳಲ್ಲಿ ಯಾವುದು ಯಾವ ವರ್ಷದ್ದು? ಮೊದಲ ಪುಟದಲ್ಲಿ ಬಿಟ್ಟರೆ ಅಜ್ಜ ಎಲ್ಲೂ ಇಸವಿ ಬರೆಯುತ್ತಿರಲಿಲ್ಲ. ಅಮ್ಮನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡೆ. ಅವರು ಈ ಮನೆಗೆ ಬಂದು ಐವತ್ತು ವರ್ಷ ದಾಟಿದೆ, ಮೌಸ್ ಮುಟ್ಟಿದವರಲ್ಲ. ಪರದೆಗೆ ಬೆರಳಿಟ್ಟು ಹೇಳುತ್ತಾ ಹೋದರು. ಇದು ನೇರಳೆ ಶಾಯಿ, ನಾನು ಮದುವೆಯಾಗಿ ಬಂದ ವರ್ಷದ್ದು. ಇದು ಮಾವನ ಕೈ ನಡುಗಲು ಶುರುವಾದ ಮೇಲಿನದು. ಇದು ಅವರ ಅಕ್ಷರವೇ ಅಲ್ಲ, ಜ್ವರ ಬಂದಾಗ ನಿಮ್ಮಪ್ಪ ಬರೆದಿದ್ದು. ಎರಡು ಸಂಜೆಯಲ್ಲಿ 297 ಪುಟ ವರ್ಷವಾರು ಗುಂಪಾದವು. ನಾನು ಎಳೆದು ಹಾಕುತ್ತಾ ಹೋದೆ.

ಹೆಸರು ಬದಲಾಯಿಸಲು ಮಿಂಟಿನಲ್ಲೇ ಬಲ್ಕಿ ಅಂತ ಒಂದು ಕಿಟಕಿ ಇದೆ. ಹಳೇ ಹೆಸರು ಒಂದು ಕಡೆ, ಆಗಲಿರುವ ಹೊಸ ಹೆಸರು ಇನ್ನೊಂದು ಕಡೆ ತೋರಿಸುತ್ತದೆ, ನೋಡಿ ಸರಿ ಅನಿಸಿದರೆ ಒತ್ತಿದರಾಯಿತು. ಈ ಸಲ ಮೂರು ಪ್ರತಿ ಇಟ್ಟಿದ್ದೇನೆ. ಒಂದು ಮನೆಯಲ್ಲಿ, ಒಂದು ಅಕ್ಕನ ಮನೆಯಲ್ಲಿ, ಒಂದು ಪೆನ್‌ಡ್ರೈವಿನಲ್ಲಿ.

ಸಿಗದೇ ಹೋದ 15ರಲ್ಲಿ ಹೆಚ್ಚಿನವು 1971ರವು. ಭಾನುವಾರ ಕೊಪ್ಪಕ್ಕೆ ಹೋಗಿ ಮತ್ತೆ ಸ್ಕ್ಯಾನ್ ಮಾಡುತ್ತೇನೆ. ತಮ್ಮನೂ ಬರುತ್ತಾನಂತೆ. ಪುಸ್ತಕ ಹೊರುವ ಕೆಲಸ ಅವನದು, ಕೀಬೋರ್ಡ್ ಮುಟ್ಟುವ ಹಾಗಿಲ್ಲ ಅಂತ ಅಮ್ಮ ಈಗಲೇ ಹೇಳಿದ್ದಾರೆ.